ಬೋರ್ ನೀರಿನ ಋಣ

ದೇವರಾಯನದುರ್ಗದ ಏರಿನಲ್ಲಿ ನಮ್ಮ ಮಾರುತಿ 800ರ ಮುಂದೆ ಬೆಳ್ಳಗೆ ಹೊಗೆ ಎದ್ದಾಗ, ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಅತ್ತೆ, "ಅಳಿಯಂದಿರೇ, ಮಂಜು ಬೀಳ್ತಾ ಇದ್ಯಾ?" ಅಂದರು. ಏಪ್ರಿಲ್ ತಿಂಗಳು, ನಡುಮಧ್ಯಾಹ್ನ. ಮಂಜು ಬಾನೆಟ್ಟಿನ ಸಂದಿಯಿಂದ ಏಳುತ್ತಿತ್ತು.

ಬೆಟ್ಟದ ಕೆಳಗಿನ ನಾಮದ ಚಿಲುಮೆಯಲ್ಲಿ ಶ್ರೀರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ನನ್ನ ಹತ್ತಿರ ಬಾಣ ಇರಲಿಲ್ಲ. ಅತ್ತೆಯವರು ಮಾತ್ರೆ ನುಂಗಲು ತಂದಿದ್ದ ಅರ್ಧ ಬಾಟಲಿ ನೀರಿತ್ತು. ಅದನ್ನೇ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. "ರೀ! ವಿಷಲ್ ಇಳಿಯೋಕ್ ಮುಂಚೆ ಕುಕ್ಕರ್ ತೆಗೀತಾರಾ?" ಎಂದು ಹೆಂಡತಿ ಕೂಗಿದಳು. ಅವಳಂದದ್ದು ಅಕ್ಷರಶಃ ನಿಜವೆಂದು ಆಮೇಲೆ ತಿಳಿಯಿತು. ಮುಚ್ಚಳದೊಳಗಿನ ಸ್ಪ್ರಿಂಗು ಒತ್ತಡವನ್ನು ಹಿಡಿದಿಟ್ಟು, ನೀರು 100 ಡಿಗ್ರಿ ದಾಟಿದರೂ ಕುದಿಯದಂತೆ ಕಾಯುತ್ತದೆ. ಬಿಸಿಯಲ್ಲಿ ತೆಗೆದರೆ ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ದೇವರಿಗೆಂದು ತಂದ ಬಾಳೆಹಣ್ಣನ್ನು ಕೋತಿಗಳಿಗೆ ಅರ್ಪಿಸಿ, ನರಸಿಂಹನಿಗೆ ರಸ್ತೆಬದಿಯಿಂದಲೇ ಕೈಮುಗಿದು, ಎಂಜಿನ್ ತಣ್ಣಗಾದ ಮೇಲೆ ಮೆಲ್ಲಗೆ ತುಮಕೂರಿಗೆ ಇಳಿದೆವು.

ಎದುರುಮನೆಯ ಯಜಮಾನರು ನಿವೃತ್ತ ಬಸ್ ಡ್ರೈವರ್. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಟಾರ್ಚು. ಬಗ್ಗಿ ನೋಡಿ, "ರೇಡಿಯೇಟ್ರು ತೂತಾಗಿದೆ ಸ್ವಾಮಿ. ಯಾವ್ ನೀರು ಹಾಕ್ತಿದ್ರಿ?" ಅಂದರು.

"ಬೋರ್ ನೀರು."

ಅವರು ನನ್ನನ್ನು ನೋಡಿದ ರೀತಿ! ದಿನಾ ಎಷ್ಟು ಕುಡೀತೀಯಪ್ಪ ಅಂತ ಕೇಳಿ ಉತ್ತರ ಪಡೆದ ಡಾಕ್ಟರೂ ಹಾಗೆ ನೋಡಲಾರರು. ನಮ್ಮ ಬೀದಿಯ ಬೋರ್ ನೀರಿನ ಗುಣ ನನಗೆ ಗೊತ್ತಿಲ್ಲದ್ದಲ್ಲ. ಬಕೆಟ್ಟಿಗೆ ಬಿಳಿ ಬಳೆ ತೊಡಿಸುತ್ತದೆ, ಗೀಸರಿನ ಕಾಯಿಲನ್ನು ಕೊಂದು ಹಾಕುತ್ತದೆ. ನಾವಂತೂ ಅದನ್ನು ಬಾಯಿಗೆ ಬಿಡುವುದಿಲ್ಲ, ಶುದ್ಧ ನೀರಿನ ಘಟಕಕ್ಕೆ ಕಾಸು ಹಾಕಿ ಕ್ಯಾನು ಹೊತ್ತು ತರುತ್ತೇವೆ. ನೆಂಟರಿಗೆ ಕೊಡದ ನೀರನ್ನು ಹನ್ನೊಂದು ವರ್ಷ ಕಾರಿಗೆ ಕುಡಿಸಿದ್ದೆ. ತಪ್ಪು ಕಾರಿನದಲ್ಲ.

ಯಜಮಾನರ ಬಳಿ ಒಂದು ಮದ್ದಿತ್ತು: ಎರಡು ಚಮಚ ಅರಿಶಿನದ ಪುಡಿ. ನೀರಿನಲ್ಲಿ ಉಬ್ಬಿ ತೂತಿಗೆ ಹೋಗಿ ಕೂರುತ್ತದಂತೆ. ಘಾಟಿಯಲ್ಲಿ ಗಾಡಿ ನಿಂತಾಗ ಡ್ರೈವರುಗಳು ಹೀಗೇ ಊರು ಸೇರುತ್ತಿದ್ದರಂತೆ. "ಇಂಗು ಸಾಸಿವೆ ಒಗ್ಗರಣೆ ಬೇಡ್ವಾ?" ಎಂದಳು ಹೆಂಡತಿ. ಅಲ್ಲಿಗೆ ನನ್ನ ಸ್ವಾಭಿಮಾನ ಕೆರಳಿತು. 1888ರಲ್ಲಿ ಬೆರ್ಟಾ ಬೆಂಜ್ ಎಂಬ ಮಹಾತಾಯಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೂ ಹೇಳದೆ, ಅವನೇ ಮಾಡಿದ ಮೂರು ಚಕ್ರದ ಕಾರಿನಲ್ಲಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಳು. ದಾರಿಯುದ್ದಕ್ಕೂ ಎಂಜಿನ್ನಿಗೆ ನೀರು ಹುಯ್ಯುತ್ತ, ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸುತ್ತ ನೂರು ಕಿಲೋಮೀಟರ್ ಕ್ರಮಿಸಿದಳು. ಗೇಟಿನೊಳಗೇ ನಿಂತ ಕಾರಿನ ರೇಡಿಯೇಟರ್ ಬದಲಿಸಲು ನನ್ನಿಂದ ಆಗದೆ?

ಭಾನುವಾರ ಬೆಳಿಗ್ಗೆ ಶುರು. ಫ್ಯಾನ್ ಇದ್ದಕ್ಕಿದ್ದಂತೆ ತಿರುಗಿ ಬೆರಳು ತೆಗೆದೀತೆಂದು ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ಮೊಬೈಲ್ ವಿಡಿಯೋದ ಹುಡುಗ ಇಡೀ ಕೆಲಸವನ್ನು ಹನ್ನೆರಡು ನಿಮಿಷದಲ್ಲಿ ಮುಗಿಸಿದ್ದ. ನನಗೆ ಕೆಳಗಿನ ಹೋಸ್ ಪೈಪ್ ಒಂದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಹಲಸಿನ ಮೇಣ ಹಾಕಿ ಅಂಟಿಸಿದಂತಿತ್ತು. ಯಜಮಾನರು ಪ್ಲಾಸ್ಟಿಕ್ ಕುರ್ಚಿ ತರಿಸಿ ಗೇಟಿನ ಪಕ್ಕ ಕೂತಿದ್ದರು. "ಎಳೀಬೇಡಿ, ತಿರುಗ್ಸಿ" ಅಂದರು. ತಿರುಗಿಸಿದೆ. "ಈಗ ಎಳೀರಿ." ಎಳೆದೆ. ಪೈಪ್ ಬಂತು, ನಾನು ಕುಕ್ಕರಿಸಿ ಬಿದ್ದೆ, ರಾಗಿ ಅಂಬಲಿಯಂಥ ನೀರು ನಾನು ಇಟ್ಟಿದ್ದ ಬೇಸಿನ್ನನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ಹರಿದು ರಂಗೋಲಿ ತೊಳೆದುಕೊಂಡು ಹೋಯಿತು.

ಹಳೆಯ ರೇಡಿಯೇಟರನ್ನು ಎತ್ತಿ ಜಗಲಿಯ ಮೇಲಿಟ್ಟೆ. ಅದರ ರೆಕ್ಕೆಗಳು ಹಪ್ಪಳದಂತೆ ಪುಡಿಯಾದವು. ಕೊಳವೆಗಳ ಬಾಯಲ್ಲೆಲ್ಲ ಬೆಳ್ಳಗೆ ಗಟ್ಟಿ ಕಟ್ಟಿತ್ತು. ಯಜಮಾನರು ಕೆರೆದು ನೋಡಿ, "ಒಂದ್ ವರ್ಷ ನಾನು ಸುಣ್ಣ ತರೋ ಹಂಗಿಲ್ಲ" ಅಂದರು. 1900ರಲ್ಲಿ ವಿಲ್ಹೆಲ್ಮ್ ಮೇಬಾಕ್ ಮಾಡಿದ ಜೇನುಗೂಡು ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳಿದ್ದುವಂತೆ. ಆತನ ಪುಣ್ಯ, ಒಂದಕ್ಕೂ ನಮ್ಮ ಬೀದಿಯ ನೀರು ತಾಗಲಿಲ್ಲ.

ಹೊಸದನ್ನು ಕೂರಿಸುವುದು ಸುಲಭವಾಯಿತು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಕೂಲೆಂಟು ಸಿಹಿಯಂತೆ, ಆದರೆ ವಿಷ. ಬೀದಿನಾಯಿ ಮೂಸಲು ಬಂದದ್ದನ್ನು ಓಡಿಸಿ, ಚೆಲ್ಲಿದ್ದನ್ನು ಚೆನ್ನಾಗಿ ತೊಳೆದೆ. ಆಮೇಲೆ ಗಂಭೀರವಾಗಿ ಒಳಗೆ ಕೂತು ಕೀಲಿ ತಿರುಗಿಸಿದೆ. ಸದ್ದಿಲ್ಲ. ಮತ್ತೆ ತಿರುಗಿಸಿದೆ. ಕೆಮ್ಮೂ ಇಲ್ಲ. ಎಂಜಿನ್ ಸೀಜ್ ಆಗಿರಬಹುದೆಂದು ಯಜಮಾನರು, ಮೊದಲೇ ಗ್ಯಾರೇಜಿಗೆ ಬಿಡಬೇಕಿತ್ತೆಂದು ಹೆಂಡತಿ, ಶನಿಕಾಟವೆಂದು ಅತ್ತೆ. ಇಪ್ಪತ್ತು ನಿಮಿಷದ ಈ ಗೋಷ್ಠಿಯನ್ನು ಕೇಳಿಸಿಕೊಂಡ ಆರನೇ ಕ್ಲಾಸಿನ ಮಗ, "ಅಪ್ಪಾ, ಬ್ಯಾಟ್ರಿ ವೈರು?" ಅಂದ.

ವೈರ್ ಸಿಕ್ಕಿಸಿದ ಮೇಲೆ ಎಂಜಿನ್ ಹೊತ್ತಿತು. ಮುಚ್ಚಳ ತೆಗೆದೇ ಓಡಿಸಿ, ಒಳಗಿನ ಗಾಳಿಯೆಲ್ಲ ಗುಳುಗುಳು ಎಂದು ಹೊರಬೀಳುವ ತನಕ ಕಾದು, ಇಳಿದಷ್ಟು ನೀರು ತುಂಬಿ ಮುಚ್ಚಿದೆ. ಗ್ಯಾರೇಜಿನವರು ಕೇಳಿದ್ದ ಕೂಲಿ ಆರುನೂರು. ನಾನು ಕೊಂಡ ಸ್ಪ್ಯಾನರ್ ಸೆಟ್ಟಿಗೆ ಒಂಬೈನೂರು. ಈ ಲೆಕ್ಕ ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಮುಂದಿನ ಭಾನುವಾರ ಮತ್ತೆ ದುರ್ಗ ಹತ್ತಿದೆವು. ಅತ್ತೆ ತೊಡೆಯ ಮೇಲೆ ಐದು ಲೀಟರಿನ ಕ್ಯಾನು ಇಟ್ಟುಕೊಂಡೇ ಕೂತಿದ್ದರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ. ಹಳೆಯ ರೇಡಿಯೇಟರನ್ನು ಗುಜರಿಯವನು ಮೊನ್ನೆ ತಕ್ಕಡಿಗೆ ಹಾಕಿದ. ಒಳಗಿನ ಸುಣ್ಣಕ್ಕೂ ಅಲ್ಯುಮಿನಿಯಂ ರೇಟೇ ಕೊಟ್ಟ. ಬೋರ್ ನೀರಿನಿಂದ ನನಗಾದ ಲಾಭ ಅದೊಂದೇ.