ಉದ್ಯಮಬಾಗದ ಅರ್ಕಾವೊತ್ತು: ಒಂದು ಕಾಗುಣಿತ ಮೀಮಾಂಸೆ

ಯಾವ ಜಿಜ್ಞಾಸೆಯೇ ಆಗಲಿ, ಐದು ಅಂಗಗಳಲ್ಲಿ ನಡೆಯಬೇಕೆಂಬುದು ಮೀಮಾಂಸಕರ ಕಟ್ಟಳೆ: ವಿಷಯ, ವಿಶಯ, ಪೂರ್ವಪಕ್ಷ, ಉತ್ತರಪಕ್ಷ, ಸಂಗತಿ. ಎರಡನೆಯದು ಮುದ್ರಾರಾಕ್ಷಸನ ಚೇಷ್ಟೆಯಲ್ಲ; ವಿಶಯ ಎಂದರೆ ಸಂಶಯ. ಇದನ್ನೇ ಎರಡನೇ ಇಯತ್ತೆಯ ಹುಡುಗಿ ಬರೆದಿದ್ದರೆ ಕೆಂಪು ಶಾಯಿಯ ಗುಂಡು ಬೀಳುತ್ತಿತ್ತು. ಬರೆದವರು ಮೀಮಾಂಸಕರಾದ್ದರಿಂದ ಶಾಸ್ತ್ರವಾಯಿತು.

ಪ್ರಸ್ತುತ ಮಹಾಪ್ರಬಂಧದ ವಿಷಯ: ಎಳೆಯ ಮಕ್ಕಳಿಗೆ ಮನೆಯಲ್ಲಿ ಬರೆಯಲು ಕೊಡುವ ಕಾಗುಣಿತದಭ್ಯಾಸ ಅತಿಕಠಿಣವೋ ಅಲ್ಲವೋ. ಕ್ಷೇತ್ರ: ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟು, ಮೂರನೇ ರೈಲ್ವೆ ಗೇಟು ದಾಟಿದ ಮೇಲೆ ಸಿಗುವ ಉದ್ಯಮಬಾಗ. ಎರಕದ ಭಟ್ಟಿ, ಲೇತು, ಹೈಡ್ರಾಲಿಕ್ ಸಾಮಾನುಗಳ ಜಾಗ. ಇದನ್ನೇ ಆರಿಸಿಕೊಳ್ಳಲು ಘನವಾದ ಶಾಸ್ತ್ರೀಯ ಕಾರಣವಿದೆ: ಗೆಳೆಯನೊಬ್ಬನ ಲೇತ್ ಶೆಡ್ಡು ಅಲ್ಲಿದೆ, ಚಹಾ ಪುಕ್ಕಟೆ.

ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. 2019ರಲ್ಲಿ ಕರ್ನಾಟಕ ಸರಕಾರ ಹೊರಡಿಸಿದ ಆದೇಶದಂತೆ ಒಂದು, ಎರಡನೇ ತರಗತಿಯ ಮಕ್ಕಳ ಚೀಲ ಎರಡು ಕಿಲೋ ದಾಟಬಾರದು, ಹೋಂವರ್ಕನ್ನಂತೂ ಕೊಡಲೇಬಾರದು. ಅಂದಮೇಲೆ ನಮ್ಮ ಅಧ್ಯಯನದ ವಸ್ತು ಕಾನೂನಿನ ಪ್ರಕಾರ ಅಸ್ತಿತ್ವದಲ್ಲೇ ಇಲ್ಲ. ಗೆಳೆಯನ ಮಗಳಿಗೆ ಇದನ್ನು ಹೇಳಿದೆ. ಶೆಡ್ಡಿನ ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯ ಮೇಲೆ ಪಟ್ಟಿ ಹರಡಿಕೊಂಡು ಕೂತಿದ್ದ ಅವಳು ತಲೆ ಎತ್ತದೆ, “ಇದು ಹೋಂವರ್ಕ್ ಅಲ್ಲ ಕಾಕಾ, ಪ್ರಾಕ್ಟೀಸ್” ಎಂದಳು. ಶಂಕರಾಚಾರ್ಯರೂ ಮಾಯೆಗೆ ಇಷ್ಟು ಚುಟುಕಾಗಿ ವ್ಯಾಖ್ಯಾನ ಬರೆದಿರಲಾರರು.

ವಿಶಯ ಬೋರ್ಡುಗಳಿಂದಲೇ ಆರಂಭ. ಉದ್ಯಮಬಾಗ, ಉದ್ಯಮಬಾಗ್, ಉದ್ಯಂಬಾಗ, ಉದ್ಯಮಭಾಗ. ನಾಲ್ಕು ಪಾಠಾಂತರಗಳಾದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಉದ್ಯಮ ಸಂಸ್ಕೃತ, ಬಾಗ್ ಪಾರಸಿ. ಕೂಡಿದರೆ ಉದ್ಯಮದ ತೋಟ. ಬಕಾರದ ಹೊಟ್ಟೆ ಸೀಳಿದಿರೋ, ತೋಟ ಹೋಗಿ ಪಾಲು ಉಳಿಯುತ್ತದೆ. ಅಣ್ಣ ತಮ್ಮಂದಿರು ಕೋರ್ಟಿಗೆ ಹತ್ತಿದ ಶೆಡ್ಡುಗಳ ಮಟ್ಟಿಗೆ ಈ ಕೊನೆಯ ಪಾಠವೇ ಹೆಚ್ಚು ಸಾಧು. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಕನ್ನಡ ಎಷ್ಟು ಜಾಗ ಹಿಡಿಯಬೇಕೆಂದು ಟೇಪು ಹಿಡಿದು ಅಳೆಯಬಹುದು; ಆ ಜಾಗದೊಳಗೆ ಕೊಂಬು, ಇಳಿ ಎಲ್ಲೆಲ್ಲಿ ಬಿದ್ದಿವೆಯೆಂದು ನೋಡಲು ಯಾವ ಟೇಪೂ ಇಲ್ಲ. ಬೆಳಗಾವಿಯ ಹೆಸರಾದರೂ ಏನು ಕಡಿಮೆ? ಅದರ ಇಂಗ್ಲಿಷ್ ಸ್ಪೆಲ್ಲಿಂಗು ನೆಟ್ಟಗಾಗಿದ್ದು 2014ರ ನವೆಂಬರ್ 1ರಂದು, ಇನ್ನೂ ಹನ್ನೊಂದು ಊರುಗಳ ಜೊತೆ, ದಿಲ್ಲಿಯ ಒಪ್ಪಿಗೆ ಪಡೆದು. ರೈಲ್ವೆಯವರ ಸಂಕೇತ ಮಾತ್ರ ಇವತ್ತಿಗೂ ಬಿಜಿಎಂ. ಎರಡು ಸರಕಾರಗಳು ಕೂಡಿ ತಿದ್ದಿದ ಒಂದು ಉಕ್ತಲೇಖನವೂ ಪೂರ್ತಿ ಪಾಸಾಗಿಲ್ಲ.

ಪೂರ್ವಪಕ್ಷ ಹೀಗಿದೆ: ಕನ್ನಡ ನುಡಿದಂತೆ ಬರೆಯುವ ಭಾಷೆ, ಇದರಲ್ಲಿ ಕಷ್ಟವೆಲ್ಲಿ ಬಂತು? ಒಟ್ಟು ಅಕ್ಷರ 49 ಮಾತ್ರ. ನೆರೆಮನೆಯ ಮರಾಠಿಗೆ ಬಾರಾಖಡಿ, ಹೆಸರೇ ಹೇಳುವಂತೆ ಹನ್ನೆರಡು. ನಮ್ಮದು ಹದಿನೈದು, ಮೂರು ಹೆಚ್ಚಿಗೆ ಅಷ್ಟೆ.

ಉತ್ತರಪಕ್ಷ: ವ್ಯಂಜನ 34, ಒಂದೊಂದಕ್ಕೆ ಹದಿನೈದರ ಕಾಗುಣಿತ, ಅಲ್ಲಿಗೆ 510. ಇವುಗಳ ಕಾಲಿಗೆ ಮೂವತ್ನಾಲ್ಕರಲ್ಲಿ ಯಾವ ಒತ್ತನ್ನಾದರೂ ಕಟ್ಟಬಹುದು, ಆಗ 17,340. ಒಂದೊಂದನ್ನು ಹತ್ತತ್ತು ಸಲ ಬರೆದರೆ 1,73,400. ಇವುಗಳಲ್ಲಿ ಮುಕ್ಕಾಲುಪಾಲು ಯಾವ ಕನ್ನಡಿಗನ ಬಾಯಲ್ಲೂ ಬರುವುದಿಲ್ಲವೆಂಬ ಆಕ್ಷೇಪವನ್ನು ವಿದ್ವತ್ತಿನ ಹಿತದೃಷ್ಟಿಯಿಂದ ತಳ್ಳಿಹಾಕಲಾಗಿದೆ. ತಮಾಷೆ ಬದಿಗಿರಲಿ: ಸೊನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಕ್ಷರಗಳ ಹಿಡಿತ ನಿಧಾನಕ್ಕೆ ಬರುತ್ತದೆ, ನಾಲ್ಕನೇ ತರಗತಿಯವರೆಗೂ ಬರುತ್ತಲೇ ಇರುತ್ತದೆ. ಎರಡನೆಯದರಲ್ಲೇ ಮುಗಿಸಬೇಕೆಂಬ ಅವಸರ ಯಾರದೆಂದು ಅವರೂ ಹೇಳಿಲ್ಲ.

ಸರಕಾರಿ ಸಾಲಿಗಳ ನಲಿ-ಕಲಿಯವರು ಜಾಣರು. ಅ ಆ ಇ ಈ ಎಂದು ಸಾಲುಗಟ್ಟಿಸದೆ ರ, ಗ, ಸ, ದ, ಅ ಎಂಬ ಐದರಿಂದ ಹೊರಡುತ್ತಾರೆ. ಐದೇ ಅಕ್ಷರದಲ್ಲಿ ಅರಸ, ಸರ, ಗರಗಸ. ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಗೆ ಉದ್ಯಮಬಾಗದ ನೆನಪಿರಲಿಕ್ಕಿಲ್ಲ. ಆದರೂ ಇಲ್ಲಿಯ ಮಗು ಮೊದಲ ತಿಂಗಳಲ್ಲೇ ತನ್ನಪ್ಪನ ಹತಾರವೊಂದನ್ನು ಒಂದೂ ಒತ್ತಿಲ್ಲದೆ ಬರೆಯಬಲ್ಲದು. ಅದನ್ನು ಇಲ್ಲಿ ಯಾರೂ ಗರಗಸ ಅನ್ನುವುದಿಲ್ಲ, ಹ್ಯಾಕ್ಸಾ ಅನ್ನುತ್ತಾರೆ, ಅದು ಬೇರೆ ಮಾತು.

ಈಗ ಮುಖ್ಯ ಪ್ರಮಾಣಕ್ಕೆ ಬರೋಣ. ಅವತ್ತಿನ ಪ್ರಾಕ್ಟೀಸಿನ ಶಬ್ದ ‘ಕಾರ್ಖಾನೆ’. ಹುಡುಗಿ ಹತ್ತು ಸಲವೂ ದುಂಡಗೆ, ಗೆರೆ ಬಿಡದೆ ‘ಕಾರಖಾನಿ’ ಎಂದು ಬರೆದಿದ್ದಳು. ಹತ್ತರ ಮೇಲೂ ಗುಂಡು. ಅವಳ ಅವ್ವ ಕಾರಖಾನಿ ಅನ್ನುತ್ತಾಳೆ, ಅಪ್ಪ ಕಾರಖಾನಿ ಅನ್ನುತ್ತಾನೆ. ಮನೆ ಮನಿ, ಶಾಲೆ ಸಾಲಿ, ಕುದುರೆ ಕುದುರಿ ಆಗುವ ಸೀಮೆಯಲ್ಲಿ ಕಾರ್ಖಾನೆಯೊಂದೇ ಎತ್ವ ಹಿಡಿದುಕೊಂಡು ಯಾಕೆ ನಿಲ್ಲಬೇಕು? ನುಡಿದಂತೆ ಬರೆ ಎಂಬ ಸೂತ್ರವನ್ನು ಇಡೀ ಕ್ಲಾಸಿನಲ್ಲಿ ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ ಇರಬೇಕು. ಇನ್ನು ಅರ್ಕಾವೊತ್ತು. ಬಾಯಲ್ಲಿ ರ್ ಮೊದಲು, ಖಾ ಆಮೇಲೆ. ಕಾಗದದ ಮೇಲೆ ಖಾ ಮೊದಲು, ಅದರ ಹಿಂದೆ ಒಂಬತ್ತರ ಅಂಕಿಯಂಥದೊಂದು ಬಾಲ.

“ಮೊದಲ ಅಂದದ್ದ ಆಮ್ಯಾಲ ಯಾಕ ಬರೀಬೇಕು ಕಾಕಾ?”

ಕೇಶಿರಾಜ ಎದುರಿಗಿದ್ದಿದ್ದರೆ ಕಂದವೊಂದನ್ನು ಕಟ್ಟಿ ಪಾರಾಗುತ್ತಿದ್ದ. ನಾನು ಚಹಾ ಕುಡಿದೆ. ಸರಕಾರವೂ ನಡೆಯುತ್ತದೆ, ಸರ್ಕಾರವೂ ನಡೆಯುತ್ತದೆ. ಹಾಗಿದ್ದ ಮೇಲೆ ಕಾರಖಾನೆಗೇ ಯಾಕೆ ಈ ಬಿಗಿ ಎಂಬ ವಾದ ಹೊಳೆದದ್ದು ಮರುದಿನ ಹಲ್ಲುಜ್ಜುವಾಗ.

ಅಷ್ಟರಲ್ಲಿ ಗೆಳೆಯ ಒಂದು ಜಾಬ್ ಮುಗಿಸಿ, ಕೂಲಂಟ್ ಒರೆಸಿ, ಮೈಕ್ರೋಮೀಟರ್ ಹಚ್ಚಿ ನೋಡಿದ. ನಕಾಶೆಯಲ್ಲಿದ್ದದ್ದು 25 ಮಿ.ಮೀ., ಮಗ್ಗುಲಲ್ಲಿ ಕೂಡು-ಕಳೆ ಚಿಹ್ನೆ, ಅದರ ಮುಂದೆ 0.02. ಬಂದದ್ದು 25.01. “ಪಾಸ್” ಎಂದು ಪಕ್ಕಕ್ಕಿಟ್ಟ. ಪ್ರಸ್ತುತ ಸಿದ್ಧಾಂತ ಜನಿಸಿದ್ದು ಆ ಕ್ಷಣದಲ್ಲಿ. ಉಕ್ಕಿಗೆ ಟಾಲರನ್ಸ್ ಇದೆ, ಉಕ್ತಲೇಖನಕ್ಕಿಲ್ಲ. ಹತ್ತು ಶಾಫ್ಟ್ ಒಂದೇ ಥರ ತಪ್ಪಿದರೆ ಈ ಗಲ್ಲಿಯಲ್ಲಿ ಯಾರೂ ಶಾಫ್ಟಿಗೆ ಬೈಯುವುದಿಲ್ಲ. ಸೆಟಿಂಗ್ ನೋಡುತ್ತಾರೆ, ಟೂಲ್ ಸವೆದಿದೆಯೇ ನೋಡುತ್ತಾರೆ. ಹತ್ತು ಕಾರಖಾನಿ ಒಂದೇ ಥರ ಬಂದರೆ ಇನ್ನೂ ಹತ್ತು ಬರೆಸುತ್ತಾರೆ. ಸೆಟಿಂಗ್ ಮುಟ್ಟದೆ ರೀವರ್ಕ್ ಮಾಡಿಸುವ ಸೂಪರ್‌ವೈಜರ್ ಉದ್ಯಮಬಾಗದಲ್ಲಿ ಒಂದು ಶಿಫ್ಟೂ ಬಾಳುವುದಿಲ್ಲ.

ಇಂಗ್ಲಿಷಿನ ವಿಚಾರ ಎತ್ತದಿರುವುದೇ ಲೇಸು, ಆದರೂ ಎತ್ತುತ್ತೇನೆ. ಯುರೋಪಿನ ಹದಿಮೂರು ಭಾಷೆಗಳ ಮಕ್ಕಳನ್ನು ಹೋಲಿಸಿ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಬರೆದ ಪ್ರಕಾರ, ಓದಿನ ಮೊದಲ ಮೆಟ್ಟಿಲು ಹತ್ತಲು ಎಲ್ಲರಿಗಿಂತ ತಡಮಾಡುವವರು ಇಂಗ್ಲಿಷ್ ನುಡಿಯ ಮಕ್ಕಳು. ತಮ್ಮದೇ ತಾಯಿನುಡಿಯಲ್ಲಿ, ತಮ್ಮದೇ ದೇಶದಲ್ಲಿ. ನನ್ನ ಗೆಳೆಯನ ಬಲಗೈ ಇಪ್ಪತ್ತು ವರ್ಷಗಳಿಂದ ಗೇಜ್ ಹಿಡಿದಿದೆ. ಸ್ಪೆಲ್ಲಿಂಗ್ ಕೇಳಿದೆ. ಜಿ, ಯು, ಎ ಎಂದ. ತಡೆದು, ಜಿ, ಎ, ಯು ಎಂದ. “ಗೋ ಹೋಗಬೇಕು, ನೋಗೋ ಹೋಗಬಾರದು, ಗೇಜ್ ಅಂದ್ರ ಅಷ್ಟ ನೋಡಪಾ” ಎಂದು ಮಷಿನ್ ಚಾಲೂ ಮಾಡಿದ.

ಪರಿಹಾರಗಳು ಇಲ್ಲದಿಲ್ಲ. ಮಹಾಪ್ರಾಣ, ಋ, ಷ ಎಲ್ಲ ಕೈಬಿಡಿ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದು ವಾದಿಸಿದರು. ಒಪ್ಪಿದರೆ ಉದ್ಯಮಭಾಗ ತಾನಾಗಿ ಉದ್ಯಮಬಾಗವಾಗುತ್ತದೆ, ಬೋರ್ಡಿನ ವ್ಯಾಜ್ಯ ಅಲ್ಲಿಗೆ ಫೈಸಲು. ಖಾನಾಪುರ ಕಾನಾಪುರವಾಗುತ್ತದೆ, ತಾಲೂಕಿನ ತುಂಬ ಕಾಡಿರುವುದರಿಂದ ಅದಕ್ಕೂ ತಕರಾರು ಬರಲಾರದು. ಹುಡುಗಿಗೆ ಮಾತ್ರ ಇದರಿಂದ ಲಾಭವಿಲ್ಲ. ಅವಳ ಖಾ ಮೊದಲಿನಿಂದಲೂ ಸರಿಯಾಗಿತ್ತು.

ಉಳಿದದ್ದು ಸಂಗತಿ. ಹತ್ತು ‘ಕಾರ್ಖಾನೆ’ ಮುಗಿಯುವಾಗ ಏಳು ಗಂಟೆಯಾಗಿತ್ತು. ಏಳನೆಯದರ ಬಾಲ ತುಸು ಜೋತುಬಿದ್ದಿತ್ತು, ಒಂಬತ್ತನೆಯದನ್ನು ಅಳಿಸಿ ಬರೆದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ಕೆಳಗೆ ‘ಪಾಲಕರ ಸಹಿ’ ಎಂಬ ಗೆರೆ. ಗೆಳೆಯ ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಂಡು, ಪೆನ್ನು ತಗೊಂಡು, ಎಡದಿಂದ ಬಲಕ್ಕೆ ಒಂದು ಸುತ್ತು, ಒಂದು ಜಗ್ಗು, ಕೆಳಗೆ ಎರಡು ಚುಕ್ಕಿ. ತಲಕಟ್ಟಿಲ್ಲ, ಗುಡಿಸಿಲ್ಲ, ಕನ್ನಡವೋ ಮರಾಠಿಯೋ ಇಂಗ್ಲಿಷೋ ದೇವರೇ ಬಲ್ಲ. ಬ್ಯಾಂಕಿನವರು ಅದನ್ನು ನಂಬಿ ಸಾಲ ಕೊಟ್ಟಿದ್ದಾರೆ.

ಹುಡುಗಿ ಪಟ್ಟಿಯನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಆ ಸಹಿಯನ್ನು ಬಹಳ ಹೊತ್ತು ನೋಡಿದಳು.

“ಪಪ್ಪಾ, ಇದರಾಗ ಅರ್ಕಾವೊತ್ತು ಎಲ್ಲಿ ಐತಿ?”