ಬರ ಬಾರದ ರಾಜ್ಯ

ಗಂಗಾವತಿಯಿಂದ ಕಾರಟಗಿ ದಾರಿ ಹಿಡಿದರೆ ಊರ ಹೆಸರುಗಳ ಬಾಲಕ್ಕೆ ‘ಕ್ಯಾಂಪ್’ ಸೇರಿಕೊಳ್ಳುತ್ತ ಹೋಗುತ್ತದೆ. ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರುಗಳು “ಇಲ್ಲಿ ಮಿಲಿಟರಿ ಇತ್ತೇನ್ರೀ?” ಎಂದು ಕೇಳುವುದುಂಟು. ಬಂದಿಳಿದದ್ದು ಮಿಲಿಟರಿಯಲ್ಲ, ಭತ್ತ. 1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಹೆಂಡಿರು ಮಕ್ಕಳ ಸಮೇತ ಬಂದರು. ನಮ್ಮವರ ಒಣ ಎರೆಭೂಮಿಯನ್ನು ಅಗ್ಗಕ್ಕೆ ಕೊಂಡರು, ಹೊಲದಲ್ಲೇ ಗುಡಿಸಲು ಹಾಕಿದರು, ನೆಲ ಸಮ ಮಾಡಿ ನಾಟಿಗೆ ನಿಂತರು. ಆ ಗುಡಿಸಲುಗಳ ಗುಂಪೇ ಕ್ಯಾಂಪು. ಇವತ್ತು ಶ್ರೀರಾಮನಗರದಲ್ಲಿ ಗುಡಿಸಲು ಎಲ್ಲಿದೆ ಎಂದು ಕೇಳಿದರೆ ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಹುಟ್ಟಿದಾಗಿನಿಂದ ಕಂಡ ಈ ಸಂಗತಿ ನನ್ನ ತಲೆಗೆ ಹೊಕ್ಕಿದ್ದು ಅಣ್ಣನ ಮಗನ ದೆಸೆಯಿಂದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅವನು ರಜೆಗೆ ಬಂದರೆ ಲ್ಯಾಪ್‌ಟಾಪು ಬಿಟ್ಟು ಏಳುವುದಿಲ್ಲ. ಆಡುವುದು ‘ಏಜ್ ಆಫ್ ಎಂಪೈರ್ಸ್’ನ ಎರಡನೇ ಭಾಗ. 1999ರ ಆಟ, ಆಡುವವನಿಗಿಂತ ವಯಸ್ಸಿನಲ್ಲಿ ದೊಡ್ಡದು. ಒಂದು ಟೌನ್ ಸೆಂಟರ್, ಮೂವರು ಆಳು, ಗಸ್ತು ತಿರುಗಲು ಒಬ್ಬ ಕುದುರೆ ಸವಾರ: ಬಂಡವಾಳ ಇಷ್ಟೇ. ಇನ್ನೊಬ್ಬ ಆಳು ಬೇಕೆಂದರೆ ಐವತ್ತು ಆಹಾರ ಕೊಡಬೇಕು, ಇಪ್ಪತ್ತೈದು ಸೆಕೆಂಡು ಕಾಯಬೇಕು. ಕೂಲಿ ಕೇಳದ, ಸಂತೆಗೆ ಹೋಗದ, ಅಮಾವಾಸ್ಯೆಗೂ ರಜೆ ಹಾಕದ ಆಳು ಇಷ್ಟು ಅಗ್ಗಕ್ಕೆ ಸಿಗುವುದನ್ನು ನಾಟಿ ಕಾಲದಲ್ಲಿ ಆಳು ಹುಡುಕಿ ಸೋತ ಯಾವ ಗಂಗಾವತಿಯವನೂ ಹೊಟ್ಟೆಕಿಚ್ಚಿಲ್ಲದೆ ನೋಡಲಾರ.

“ಕಾಕಾ, ಟೌನ್ ಸೆಂಟರ್ ಒಂದ್ ಸೆಕೆಂಡೂ ಖಾಲಿ ಕುಂದರಬಾರದು. ಆಳು ಹುಟ್ಟತಾನ ಇರಬೇಕು,” ಎನ್ನುತ್ತಾನೆ.

“ಎರಡನೇದು ಯಾವಾಗ ಕಟ್ಟೂದು?”

“ಅವ ನಮ್ಮ ಕಡೆ ನೋಡದಾಗ.”

ಆಟದ ಗುಟ್ಟೆಲ್ಲ ಈ ಮಾತಿನಲ್ಲಿದೆ. ಮೂರನೆಯ ಯುಗ ಮುಟ್ಟಿದ ಮೇಲೆ 275 ಕಟ್ಟಿಗೆ, 100 ಕಲ್ಲು ಸುರಿದರೆ ಎರಡನೇ ಕೇಂದ್ರ ಏಳುತ್ತದೆ. ಅಲ್ಲಿಂದ ಆಳುಗಳು ಎರಡರಷ್ಟು ವೇಗದಲ್ಲಿ ಹುಟ್ಟುತ್ತಾರೆ. ಇದಕ್ಕೆ ಬೂಮ್ ಎಂದು ಹೆಸರು. ಆದರೆ ಆ ಖರ್ಚು ತಿರುಗಿ ಬರುವ ತನಕ ನಿಮ್ಮ ಕೈಯಲ್ಲಿ ಸೈನಿಕರಿಲ್ಲ. ಅಷ್ಟರಲ್ಲಿ ಎದುರಾಳಿ ರಶ್ ಮಾಡಿ ನುಗ್ಗಿದರೆ ಎರಡೂ ಹೋದವು. ನುಗ್ಗುತ್ತಾನೆಂದು ಹೆದರಿ ಗೋಡೆ ಕಟ್ಟಿಕೊಂಡು ಕುಳಿತಿರೋ, ಅವನು ನುಗ್ಗದೆ ಮೂರನೆಯದನ್ನೂ ಕಟ್ಟಿಬಿಡುತ್ತಾನೆ. ಗೋಡೆ ನಂಬಿದವರ ಗತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಕುಮ್ಮಟದುರ್ಗ 1327ರಲ್ಲಿ ದೆಹಲಿಯ ಸೇನೆಗೆ ಬಿತ್ತು. ಟಿಪ್ಪು ಬಲಪಡಿಸಿದ ಕೊಪ್ಪಳದ ಕೋಟೆ 1790ರಲ್ಲಿ ನಿಜಾಮ ಮತ್ತು ಇಂಗ್ಲಿಷರ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಾಳಿ ಕೊನೆಗೆ ಬಾಗಿಲು ತೆರೆಯಿತು. ಆನೆಗೊಂದಿಯವರು ಮಾತ್ರ ಹೊಳೆ ದಾಟಿ ಆಚೆ ದಂಡೆಯ ಹಂಪಿಯಲ್ಲಿ ಎರಡನೇ ಕೇಂದ್ರ ಕಟ್ಟಿದರು. ಬರೀ ಕೋಟೆ ಕಟ್ಟಲಿಲ್ಲ, ಕಾಲುವೆಯನ್ನೂ ತೋಡಿದರು. ಕೋಟೆ ನೋಡಲು ಟಿಕೆಟ್ ತಗೊಳ್ಳುವ ನಾವು, ಆ ಕಾಲದ ಕಾಲುವೆಯಲ್ಲಿ ಇವತ್ತಿಗೂ ಗದ್ದೆಗೆ ನೀರು ಹೋಗುತ್ತಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡಿಯೂ ನೋಡುವುದಿಲ್ಲ.

ಈ ಆಟಕ್ಕೆ 2022ರಲ್ಲಿ ಭಾರತದ ರಾಜವಂಶಗಳ ಹೆಸರಿನ ಕಂತೊಂದು ಬಂತು. ಬಾಬರನ ಕಥೆ ಇದೆ, ರಾಜೇಂದ್ರ ಚೋಳನದಿದೆ, ಬಂಗಾಳದ ದೇವಪಾಲನದೂ ಇದೆ. ಕೃಷ್ಣದೇವರಾಯನದಿಲ್ಲ! ಮನೆಯಿಂದ ಒಂದು ಗಳಿಗೆ ದೂರದಲ್ಲಿ ಹಂಪಿ ಇಟ್ಟುಕೊಂಡವನಿಗೆ ಇದು ನೋಯದಿರುತ್ತದೆಯೇ? ದ್ರಾವಿಡರೆಂದು ಒಂದು ಪಂಗಡ ಮಾಡಿದ್ದಾರೆ, ಅದರ ಕುದುರೆ ದಂಡು ತೀರ ಬಡಕಲು. ಪೋರ್ಚುಗೀಸರಿಗೆ ಹೊನ್ನು ಸುರಿದು ಕುದುರೆ ತರಿಸಿದ ರಾಯರು ಕೇಳಿದ್ದರೆ ನೊಂದುಕೊಳ್ಳುತ್ತಿದ್ದರು.

ಇರಲಿ. ಕ್ಯಾಂಪಿನವರು ಬಂದಾಗ ನಮ್ಮವರು ಯಾವ ಕಡೆ ನೋಡುತ್ತಿದ್ದರು? ಮೇಲೆ. ಮುಗಿಲು ನೋಡುವುದು ಒಣಬೇಸಾಯದವನ ಕಸುಬು. ಕಾಲುವೆಯ ನೀರು ಕಾಲಬುಡಕ್ಕೇ ಬಂದಾಗ ಅದನ್ನೇನು ಮಾಡಬೇಕೆಂದು ಹೊಳೆಯಲಿಲ್ಲ. ಗೋದಾವರಿ, ಕೃಷ್ಣಾ ಬಯಲಲ್ಲಿ ತಲೆಮಾರುಗಟ್ಟಲೆ ಕೆಸರು ತುಳಿದವರಿಗೆ ಅದು ಹೇಳಿಕೊಡದೆ ಗೊತ್ತಿತ್ತು. ಎಂಜಿನಿಯರುಗಳ ಲೆಕ್ಕದಲ್ಲಿ ಈ ನೀರು ಬಹುಪಾಲು ಜೋಳ, ಹತ್ತಿಯಂಥ ಬೆಳೆಗಳಿಗೆ, ಭತ್ತಕ್ಕೆ ಸ್ವಲ್ಪವೇ. ಮೇಲ್ಭಾಗದವರು ಆ ಲೆಕ್ಕವನ್ನು ಎಂಜಿನಿಯರಿಗೇ ಬಿಟ್ಟು ಭತ್ತ ಹಚ್ಚಿದರು. ಮಾನ್ವಿ, ರಾಯಚೂರಿನ ಕೊನೆಭಾಗದ ರೈತರು ಇವತ್ತಿಗೂ ನೀರಿಗಾಗಿ ರಸ್ತೆ ತಡೆ ಮಾಡುತ್ತಾರೆ. ಆಟದಲ್ಲಾದರೆ ತಡವಾಗಿ ಹೊರಟವನು ಸೋಲೊಪ್ಪಿ ‘ಜಿಜಿ’ ಎಂದು ಬರೆದು ಎದ್ದು ಹೋಗಬಹುದು.

ಇನ್ನೊಂದು ಮಾತಿಗೆ ನನಗೂ ಹುಡುಗನಿಗೂ ಜಟಾಪಟಿ ನಡೆದೇ ಇದೆ. ಸಾವಿರ ಕಟ್ಟಿಗೆ ಖರ್ಚು ಮಾಡದೆ ಇಟ್ಟುಕೊಂಡವನು ದಡ್ಡ ಎನ್ನುತ್ತಾನೆ ಅವನು, ಕೂಡಿಟ್ಟದ್ದೆಲ್ಲ ದಂಡ. ಆದರೆ ಕುಷ್ಟಗಿ, ಯಲಬುರ್ಗಾ ಕಡೆ ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದವರೇ ಬರಗಾಲ ದಾಟಿದ್ದು. ಆ ಹಗೇವು ನೋಡಿದ್ದರೆ ಇವನು ‘ಬೂಮ್ ಮಾಡ್ರೀ’ ಅನ್ನುತ್ತಿದ್ದ. ಅವನ ಹೊಲ ನೋಡಿ: ಅರವತ್ತು ಕಟ್ಟಿಗೆ ಕೊಟ್ಟರೆ 175 ಆಹಾರ, ತಪ್ಪಿದ್ದಲ್ಲ. ಮಳೆ ಕೈಕೊಡುವುದಿಲ್ಲ, ದರ ಬೀಳುವುದಿಲ್ಲ, ಕಾಲುವೆ ಒಡೆಯುವುದಿಲ್ಲ. ಬರ ಬಾರದ ರಾಜ್ಯದಲ್ಲಿ ಉಳಿತಾಯ ದಡ್ಡತನವೇ ಸರಿ.

ನೀರಾವರಿಯವರಾದರೂ ನಿಶ್ಚಿಂತರೇ? 133 ಟಿಎಂಸಿ ಎಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಎರಡನೇ ಬೆಳೆಗೆ ನೀರುಂಟೋ ಇಲ್ಲವೋ ಎಂಬುದು ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ತೀರ್ಮಾನವಾಗುವ ತನಕ ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಕಂತು ಎಲ್ಲವೂ ಗಾಳಿಯಲ್ಲಿ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯ ಚಹಾದಂಗಡಿಗಳಲ್ಲಿ ಯಾರಿಗೂ ಬೇರೆ ಮಾತಿರಲಿಲ್ಲ. ವಾರದೊಳಗೆ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು, ಮಳೆ ಕೈಹಿಡಿದು ಡ್ಯಾಂ ಮತ್ತೆ ತುಂಬಿತು. ಇಂಥ ಸುದ್ದಿಗೆ ಅಣ್ಣನ ಮಗನ ಆಟದಲ್ಲಿ ಒಂದು ಬಟನ್ನೂ ಇಲ್ಲ.

ಮೊನ್ನೆ ಯಲಬುರ್ಗಾ ಕಡೆಯ ನಮ್ಮ ಮಾವ ಬಂದಿದ್ದರು. ಕುರಿ ಸಾಕಿಯೇ ಮಕ್ಕಳ ಮದುವೆ ಮಾಡಿದವರು. ಆಟ ಆಗಷ್ಟೇ ಶುರುವಾಗಿತ್ತು. ಆರಂಭಕ್ಕೆ ಸಿಗುವುದು ಕುರಿಗಳೇ, ಒಂದೊಂದರಲ್ಲಿ ನೂರು ಆಹಾರ. ಹುಡುಗ ಅವನ್ನು ಟೌನ್ ಸೆಂಟರ್ ಬುಡಕ್ಕೆ ಹೊಡೆದುಕೊಂಡು ಬಂದು ಒಂದಾದ ಮೇಲೊಂದು ಕಡಿಸಿದ.

“ಅಲ್ಲೋ ತಮ್ಮಾ, ಮರಿ ಹಾಕೂ ಕುರೀನ ಕಡದು ತಿಂದ್ರ ರಾಜ್ಯ ಹೆಂಗ್ ಕಟ್ತೀ?”

“ಇದರಾಗ ಕುರಿ ಮರಿ ಹಾಕೂದಿಲ್ಲ ಅಜ್ಜಾ.”

ಮಾವ ಹಾಗಾದರೆ ಇದೆಂಥ ದೇಶ ಎಂಬಂತೆ ನನ್ನ ಮುಖ ನೋಡಿದರು. ಹುಡುಗನಿಗೆ ಪಾಪ ಅನ್ನಿಸಿರಬೇಕು. ಗುರ್ಜರರೆಂದು ಇನ್ನೊಂದು ಪಂಗಡ ಇದೆಯೆಂದೂ, ಅವರು ಕುರಿ ಕಡಿಯದೆ ಗಿರಣಿಯೊಳಗೆ ಕೂಡಿಹಾಕಿದರೆ ಸಾಕು, ಕುಂತಲ್ಲೇ ಆಹಾರ ಬರುತ್ತಿರುತ್ತದೆಂದೂ ಸಮಾಧಾನ ಹೇಳಿದ.

ಮಾವ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. “ಗಿರಣ್ಯಾಗ ಕುರಿ ಬಿಟ್ರ ಹಿಟ್ಟು ಉಳಸ್ತಾವೇನು ಅವು?”