ಚೌಕದೊಳಗಿನ ಚಿತ್ರಕಲೆ

ಕೈ ನಡುಗುವವನಿಗೂ ಗೆರೆ ನೆಟ್ಟಗೆ ಬರುವ ವಿದ್ಯೆಯೆಂದು, ಗಣಕದ ಪರದೆಯಲ್ಲಿ ಚೌಕಗಳಿಗೆ ಬಣ್ಣ ತುಂಬಿ ಚಿತ್ರ ಬರೆಯುವ ಪಿಕ್ಸೆಲ್ ಕಲೆಯನ್ನು ಹೊಗಳಿ ಹೊಸಬರನ್ನು ಹುರಿದುಂಬಿಸುವ ಮಿತ್ರರು ಹೇಳದೆ ಬಿಡುವ ಸಂಗತಿಯೊಂದುಂಟು: ಅಡ್ಡ 16, ಉದ್ದ 16, ಒಟ್ಟು 256 ಚೌಕಗಳ ಆ ಪುಟ್ಟ ಅಂಗಳದಲ್ಲಿ ಮೂಗಿಗೆ ದೊರೆಯುವುದು ಒಂದೋ ಎರಡೋ ಮನೆ, ಅದು ಒಂದು ಮನೆ ಆಚೆ ಸರಿದರೆ ರಾಜಕುಮಾರನು ತತ್‌ಕ್ಷಣವೇ ಗಿಳಿಯಾಗುತ್ತಾನೆ.

ಮಹನೀಯರಿಗೂ ಈ ಸಂಕಟ ತಪ್ಪಿದ್ದಲ್ಲ. 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಅವರು ‘ಡಾಂಕಿ ಕಾಂಗ್’ ವಿಡಿಯೊ ಆಟಕ್ಕಾಗಿ ಮಾರಿಯೋ ಪಾತ್ರವನ್ನು ಸೃಷ್ಟಿಸುವಾಗ, ಬಾಯಿ ಬರೆಯಲು ಸ್ಥಳವಿಲ್ಲದೆ ಮೀಸೆಯನ್ನೂ, ಕೇಶರಾಶಿಯ ತೊಡಕಿಗೆ ಅಂಜಿ ಟೋಪಿಯನ್ನೂ ದಯಪಾಲಿಸಿದರು; ಲೋಕವೋ ಅದನ್ನೇ ವ್ಯಕ್ತಿತ್ವವೆಂದು ಕೊಂಡಾಡಿತು! 1984ರ ಮ್ಯಾಕಿಂಟಾಷ್ ಗಣಕಕ್ಕೆ ಚಿಹ್ನೆಗಳನ್ನು ರಚಿಸಿದ ಸೂಸನ್ ಕೇರ್ ಅವರಾದರೋ ಮೊದಲು ಗ್ರಾಫ್ ಹಾಳೆಯ ಚೌಕಗಳನ್ನೇ ತುಂಬಿ ನೋಡಿದರು.

ಆದಕಾರಣ, ಪ್ರಾರಂಭದಲ್ಲಿಯೇ ಕುರುಕ್ಷೇತ್ರವನ್ನು ಚಿತ್ರಿಸಹೊರಡುವ ಉತ್ಸಾಹಿಗಳೇ, ಮೊದಲು ನಾಲ್ಕೇ ಬಣ್ಣಗಳಲ್ಲಿ ಒಂದು ಬದನೆಕಾಯಿಯನ್ನು ಬರೆಯಿರಿ; ಮನೆಯವರು ಅದನ್ನು ಬದನೆಕಾಯಿಯೆಂದೇ ಗುರುತಿಸಿದರೆ ಅರ್ಧ ಪದವಿ ಪಡೆದಂತೆ. ಬಳಿಕ ಚಿತ್ರವನ್ನು ಹಿಗ್ಗಿಸುವಾಗ ಎರಡರಷ್ಟು, ಮೂರರಷ್ಟು ಎಂದು ಪೂರ್ಣಾಂಕದಲ್ಲಿಯೇ ಹಿಗ್ಗಿಸಿರಿ; ಒಂದೂವರೆಯಷ್ಟು ಮಾಡಿದಿರೋ, ಚೌಕಗಳು ಒಂದು ದಪ್ಪ, ಒಂದು ಸಣ್ಣವಾಗಿ ಕಾಯಿ ವಿಕಾರವಾಗುವುದು.